ಮುಚ್ಚಳದ ಒಳಗಡೆ

ಹೆದ್ದಾರಿ ಅಗಲವಾಗುವಾಗ ಅಂಗಡಿಯ ಮುಂದಿನರ್ಧ ಹೋಯಿತು.
ಉಳಿದದ್ದು ಒಂದು ಮೇಜು, ಒಂದು ಬಲ್ಬು,
ಗಾಜಿನ ಪೆಟ್ಟಿಗೆಯಲ್ಲಿ ಪಟ್ಟಿ ಕಳಚಿದ ಹನ್ನೊಂದು ವಾಚು,
ಒಂದೊಂದಕ್ಕೆ ಒಂದೊಂದು ಗಂಟೆ.
ಗಂಟೆ ಎಷ್ಟೆಂದು ತಿಳಿಯಬೇಕಾದರೆ ಕುಂಬಳೆಯಲ್ಲಿ ಯಾರೂ
ನನ್ನ ಕಡೆ ನೋಡುವುದಿಲ್ಲ.

ಬರುವುದು ಸೆಲ್ಲು ಹಾಕಿಸಲಿಕ್ಕೆ,
ಮದುವೆಗೆ ಮೊದಲು ಚೈನಿನ ಎರಡು ಕೊಂಡಿ ತೆಗೆಸಲಿಕ್ಕೆ,
ದುಬಾಯಿಯಿಂದ ಬಂದ ಸೀಕೋದ ಒಳಗೆ
ಉಪ್ಪುಗಾಳಿ ಹೊಕ್ಕಿತೇ ಎಂದು ನೋಡಿಸಲಿಕ್ಕೆ.
ಹೊಕ್ಕಿರುತ್ತದೆ. ಇಲ್ಲಿಯ ಕಡಲು
ಸ್ಕ್ರೂವಿನ ಸಂದಿಯನ್ನೂ ಬಿಡುವುದಿಲ್ಲ.

ಮುಚ್ಚಳ ತೆಗೆದವನು ಅದರ ಒಳಮೈಗೆ ಗೀರಬೇಕು:
ತಾರೀಕು, ತನ್ನ ಗುರುತು.
ಅಂದುಂಞಿಚ್ಚ ಕಲಿಸಿದ ಮೊದಲನೆಯ ಪಾಠ ಅದು,
ಚಿಮಟ ಹಿಡಿಯುವುದು ಎರಡನೆಯದು.
"ಕಟ್ಟಿಕೊಳ್ಳುವವನಿಗೆ ಕಾಣದು. ಮುಂದೆ ಬಿಚ್ಚುವವನಿಗೆ ಕಾಣಲಿ."
ಅವರಿಗೆ ಗೊತ್ತಿದ್ದದ್ದು ಮಲಯಾಳದ ಅಕ್ಷರ,
ನನಗೆ ಎಣ್ಮಕಜೆಯ ಶಾಲೆಯ ಕನ್ನಡ.
ಒಂದೇ ಮೇಜಿನ ಮೇಲೆ ಅವರ 'ಅ' ಒಂದು ಕಡೆ ಬಾಗುತ್ತಿತ್ತು,
ನನ್ನ 'ದೂ' ಇನ್ನೊಂದು ಕಡೆ.

ಕಳೆದ ಮಂಗಳವಾರ ಒಬ್ಬ ಹುಡುಗ ಬಂದ,
ಹಳೆಯ ವಾಚು ಕೂಡಿಡುವ ಹುಚ್ಚಿನವ.
ಗುಜರಿಯಲ್ಲಿ ಸಿಕ್ಕಿತಂತೆ: ಫೇವರ್ ಲೂಬಾ, ಹದಿನೇಳು ಕಲ್ಲಿನದು.
"ಡಯಲ್ ಉಜ್ಜಬೇಡಿ, ಕಲೆ ಹಾಗೇ ಇರಲಿ" ಎಂದ.
ನಾನು ಮಾತಾಡಲಿಲ್ಲ. ಏಳರ ಪಕ್ಕದ ಆ ಕಂದು ಕಲೆ
ನನ್ನ ಗುರುತಿನದು.

ಕೊರಗಪ್ಪ ಮಾಷ್ಟ್ರದು. ತೊಂಬತ್ತೊಂದರ ಆಗಸ್ಟು.
ಅಂದುಂಞಿಚ್ಚ ಲುಹರ್ ನಮಾಜಿಗೆ ಹೋಗಿದ್ದರು.
ನನಗೆ ಹತ್ತೊಂಬತ್ತು. ಬ್ಯಾಲೆನ್ಸು ಚಿಮಟದಿಂದ ಜಾರಿತು,
ಅದರ ಅಚ್ಚಿನ ಮೊನೆ, ಕೂದಲಿಗಿಂತ ಸಪುರ,
ಕಿವಿಗೂ ಕೇಳದ ಹಾಗೆ ಮುರಿಯಿತು.
ಡಬ್ಬಿಯಿಂದ ಬೇರೆ ಯಾವುದರದ್ದೋ ಅಚ್ಚು ಹುಡುಕಿ ಕೂರಿಸಿದೆ.
ಕೂತಿತು, ಹೊಸ ಅಳಿಯ ಮಾವನ ಮನೆಯಲ್ಲಿ ಕೂತ ಹಾಗೆ.
ಮುಚ್ಚಳ ಒತ್ತಿದೆ.
ಗೀರಲಿಲ್ಲ.

ದಿನಕ್ಕೆ ನಾಲ್ಕು ನಿಮಿಷ ಹಿಂದೆ.
ಮಾಷ್ಟ್ರು ಮೂರು ಸಲ ಬಂದರು. ಮೂರು ಸಲವೂ ನಾನು
ಕಡಲಿನ ಮೇಲೆ ಹಾಕಿದೆ.
"ಇರಬಹುದು ಇರಬಹುದು" ಎಂದರು, ಆಮೇಲೆ ಬರಲಿಲ್ಲ.
ಅವರ ಶಾಲೆಯ ಲಾಂಗ್ ಬೆಲ್ಲು ಸೋಮವಾರ
ರೇಡಿಯೋ ಕೇಳಿ ಸರಿಯಾಗಿ ಹೊಡೆಯುತ್ತಿತ್ತಂತೆ,
ಶುಕ್ರವಾರಕ್ಕಾಗುವಾಗ ಬದಿಯಡ್ಕದ ಬಸ್ಸಿನ ಡ್ರೈವರು
ಗೇಟಿನ ಹತ್ತಿರ ನಿಲ್ಲಿಸಿ ಒಂದು ಬೀಡಿ ಪೂರಾ ಸೇದುತ್ತಿದ್ದನಂತೆ.

ಈಗ ಕಣ್ಣಿಗೆ ಗಾಜು ಸಿಕ್ಕಿಸಿ ಬಾಗಿದೆ.
ಮೇಲೆ ಅಂದುಂಞಿಚ್ಚರ ಎರಡು ಗೀರು, ಎಂಬತ್ತೆರಡು, ಎಂಬತ್ತೇಳು.
ಕೆಳಗೆ ಯಾರೋ ಕಾಸರಗೋಡಿನವನದು, ಒರಟು ಕೈ.
ನಡುವೆ ಖಾಲಿ ಇರಬೇಕಿತ್ತು.
ಇರಲಿಲ್ಲ.
೧೩-೮-೯೧.
ಅದರ ಮುಂದೆ, ಮಲಯಾಳದ ಅಕ್ಷರದಲ್ಲಿ, 'ದೂ'.

ಯಾವಾಗ ಬಿಚ್ಚಿದರು? ಅವತ್ತೇ ಸಂಜೆ,
ನನ್ನನ್ನು ಮೀನಿಗೆ ಕಳಿಸಿದಾಗಲೋ?
ಸರಿ ಮಾಡಬಹುದಿತ್ತು. ನನ್ನ ಬಾಯಿಂದ ಹೇಳಿಸಬಹುದಿತ್ತು.
ಹದಿನಾರು ವರ್ಷ ಎದುರು ಕೂತು ಚಾ ಕುಡಿದರು,
ಸಕ್ಕರೆ ಜಾಸ್ತಿಯಾಯಿತೆಂದು ಬೈದರು,
ಎಣ್ಣೆ ಜಾಸ್ತಿಯಾಯಿತೆಂದು ಅದಕ್ಕಿಂತ ಜೋರಾಗಿ ಬೈದರು.
ಇದನ್ನು ಮಾತ್ರ ಎತ್ತಲಿಲ್ಲ.

ಅವರ ಸಿಗರೇಟು ಡಬ್ಬಿ ಇನ್ನೂ ಖಾನೆಯಲ್ಲಿದೆ.
ಹಳದಿಯಾದ ಪೊಟ್ಟಣದೊಳಗೆ ಅಳತೆಗೆ ಸರಿಯಾದ ಅಚ್ಚು,
ನನಗೆಂದೇ ತರಿಸಿಟ್ಟದ್ದೋ, ಸುಮ್ಮನೆ ಉಳಿದದ್ದೋ.
ಎರಡು ರಾತ್ರಿ ಹಿಡಿಯಿತು. ಕೈ ಮೊದಲಿನ ಹಾಗಿಲ್ಲ.
ಇವತ್ತಿನ ತಾರೀಕು ಗೀರಿದೆ.
ಹೆಸರು ಗೀರಲಿಲ್ಲ, ಬರೆದಾಗಿದೆಯಲ್ಲ.

ಹುಡುಗ "ಎಷ್ಟಾಯಿತು?" ಎಂದ.
"ಏನೂ ಬೇಡ" ಎಂದೆ.
ಅವನಿಗೆ ಸಂಶಯ ಬಂತು.
ಮುಚ್ಚಳ ಮತ್ತೆ ತೆಗೆಸಿ, ಮೊಬೈಲಿನ ಬೆಳಕು ಬಿಟ್ಟು,
ಕಾಣುವಷ್ಟು ಕಲ್ಲುಗಳನ್ನು
ಒಂದೊಂದಾಗಿ ಎಣಿಸಿಕೊಂಡ.